ಅಕ್ಕನ ಕೇಳಿ ಹೇಳ್ತೆ

ಜುಮ್ಮನಕಾಯಿ ಜಜ್ಜಿದ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಕಾಳುಮೆಣಸಿಗಿಂತ ತುಸು ದಪ್ಪನೆಯ ಒಣ ಕಾಯಿ. ಬೀಜ ಬಿಡಿಸಿ ಜಜ್ಜಿದರೆ ಕಿತ್ತಳೆ ಸಿಪ್ಪೆಯಂಥ ಒಂದು ಘಾಟು ಮನೆಯೆಲ್ಲ ಹಬ್ಬುತ್ತದೆ. ನಮ್ಮ ಕರಾವಳಿಯಲ್ಲಿ ಅದಿಲ್ಲದೆ ಮಾಡಿದ ಬಂಗಡೆ ಸಾರನ್ನು ಯಾರೂ ಸಾರು ಅನ್ನುವುದಿಲ್ಲ. ಇವತ್ತು ರವಿವಾರ. ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಂಬತ್ತನೇ ಇಯತ್ತೆಯ ಮಹಾಶಯನೊಬ್ಬ ಹೃದಯಕ್ಕೆ ಐದನೆಯ ಕೋಣೆಯೊಂದನ್ನು ಕಟ್ಟಿಕೊಟ್ಟಿದ್ದ. ಬಾಡಿಗೆಗೆ ಕೊಡಲಿಕ್ಕೆ ಇರಬೇಕು ಎಂದುಕೊಳ್ಳುತ್ತಿರುವಾಗ ಒಳಗಿಂದ ಆ ವಾಸನೆ ಬಂತು. ನನ್ನ ಕಿವಿ ತಾನಾಗಿ ನೆಟ್ಟಗಾಯಿತು. ಯಾಕೆಂದರೆ ಆ ವಾಸನೆಯ ಬೆನ್ನಿಗೇ ಅಮ್ಮ ಫೋನು ಹಿಡಿದು ಕೂಗುವುದು ನಮ್ಮ ಮನೆಯ ಪದ್ಧತಿಯಾಗಿತ್ತು.

"ಅಕ್ಕಾ, ಜುಮ್ಮನಕಾಯಿ ನಾಕು ಹಾಕ್ಲಾ, ಐದಾ?"

ಶಿರಾಲಿಯಿಂದ ಉತ್ತರ ಬರುತ್ತಿತ್ತು: "ಐದು." ಫೋನು ಇಟ್ಟ ಸದ್ದು. ಅಷ್ಟೇ. ಎಷ್ಟು ಬಂಗಡೆ, ಎಷ್ಟು ಜನ, ಸಾರೋ ಸುಕ್ಕವೋ ಎಂಬ ಒಂದು ವಿಚಾರಣೆಯೂ ಇಲ್ಲ. ಅಮ್ಮನಿಗೂ ಅದು ಬೇಕಿರಲಿಲ್ಲ. ಐದು ಅಂದರೆ ಐದು.

ಈ ಅಕ್ಕ ಎಂದರೆ ನನ್ನ ದೊಡ್ಡಮ್ಮ, ಮಾದೇವಿ. ಶಿರಾಲಿಯಲ್ಲಿ ಹೈವೇ ಬದಿಗೆ ಅವಳದೊಂದು ಅಂಗಡಿ. ತೆಂಗಿನಕಾಯಿ, ಹಿಡಿಸೂಡಿ, ಮುರುಗಲು ಸಿಪ್ಪೆ, ಕಾಲಕ್ಕೆ ತಕ್ಕ ಹಾಗೆ ಕುಮಟಾದ ಸಿಹಿ ಈರುಳ್ಳಿಯ ಗೊಂಚಲು. ಗಂಡ ಬೇಗ ಹೋಗಿದ್ದ. ಮಕ್ಕಳಿರಲಿಲ್ಲ. ಮಕ್ಕಳ ಜಾಗದಲ್ಲಿ ತಂಗಿಯೊಬ್ಬಳಿದ್ದಳಲ್ಲ, ಅರವತ್ತು ದಾಟಿದವಳು, ಅವಳೇ ಸಾಕಾಗಿತ್ತು. ನನ್ನ ಅಮ್ಮ ಹುಟ್ಟಿದಾಗಿನಿಂದ ಅಕ್ಕನನ್ನು ಕೇಳದೆ ಒಂದು ಕಡ್ಡಿ ಎತ್ತಿ ಆಚೆ ಇಟ್ಟವಳಲ್ಲ. ಅಪ್ಪ ಹೆಣ್ಣು ನೋಡಲು ಹೋದ ದಿನ ಹಿರಿಯರು, "ಎಂತ ತಂಗಿ, ಹುಡುಗ ಆದೀತಾ?" ಎಂದು ಕೇಳಿದರಂತೆ. ಅಮ್ಮ ತಲೆ ತಗ್ಗಿಸಿ, "ಅಕ್ಕನ ಕೇಳಿ ಹೇಳ್ತೆ" ಅಂದಳಂತೆ. ಅಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು. "ಹೂಂ ಅನ್ನೆ, ಚಾ ಆರ್ತದೆ" ಅಂದಳಂತೆ. ಹೀಗೆ ಚಾ ಆರಬಾರದು ಎಂಬ ಕಾರಣಕ್ಕೆ ನಾನು ಈ ಲೋಕಕ್ಕೆ ಬಂದೆ.

ಸೀರೆ ಅಂಗಡಿಯ ಸಂಗತಿಯನ್ನಂತೂ ಹೇಳಲೇಬೇಕು. ಹೊನ್ನಾವರದ ಅಂಗಡಿಯಲ್ಲಿ ಎರಡು ಸೀರೆ ಎದುರು ಹರಡಿಕೊಂಡು ಅಮ್ಮ ಫೋನು ಮಾಡುತ್ತಿದ್ದಳು. "ಅಕ್ಕಾ, ಒಂದ್ರಲ್ಲಿ ಮಾವಿನಕಾಯಿ ಬುಟ್ಟಾ, ಇನ್ನೊಂದ್ರಲ್ಲಿ ಬರೀ ಗೆರೆ." ಆ ಕಡೆಯಿಂದ, ಸೀರೆಯ ಮುಖವನ್ನೂ ನೋಡದೆ: "ಗೆರೆ." ಅಂಗಡಿಯವ ಬಿಲ್ಲು ಬರೆಯಲು ಸುರುಮಾಡುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಹೆಂಡತಿ ಇದನ್ನೆಲ್ಲ ಕಣ್ಣರಳಿಸಿ ನೋಡಿ, "ಅಲ್ರೀ, ಈ ಮನೆ ಕುಮಟಾದಲ್ಲಿ ಇರೂದಾ, ಶಿರಾಲಿಯಲ್ಲಿ ಇರೂದಾ?" ಎಂದು ಕೇಳಿದ್ದಳು. ನನಗೂ ಖಚಿತವಿರಲಿಲ್ಲ.

ದೊಡ್ಡಮ್ಮನ ತೀರ್ಮಾನಗಳೆಲ್ಲ ಸರಿಯಾಗಿದ್ದವು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಅವಳ ಮಾತು ಕೇಳಿ ಕೊಂಡ ಎಮ್ಮೆ, ಅಪ್ಪನನ್ನು ಬಿಟ್ಟು ಮತ್ತೆ ಯಾರಿಗೂ ಹಾಲು ಕರೆಯಗೊಡಲಿಲ್ಲ. ಅಪ್ಪ ಆಫೀಸಿಗೆ ಹೋಗುವ ಮುನ್ನ ಪ್ಯಾಂಟು ಮಡಚಿ ಕೂರಬೇಕಾಯಿತು. ಅವಳ ಮಾತು ಕೇಳಿಯೇ ನಾನು ವಿಜ್ಞಾನ ಓದಿ ಮೇಷ್ಟರಾದದ್ದು. ಇದರ ಬಗ್ಗೆ ನನ್ನ ವಿದ್ಯಾರ್ಥಿಗಳ ಅಭಿಪ್ರಾಯ ಬೇರೆ ಇರಬಹುದು. ಆದರೆ ಅವಳು ತಡಮಾಡಿದ್ದನ್ನು ನಾನು ಕಂಡಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಟಿರುತ್ತಿತ್ತು.

ಇಂಥ ದೊಡ್ಡಮ್ಮ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಹಿಡಿಸೂಡಿ ಕಟ್ಟುತ್ತಿದ್ದವಳು ಹಾಗೆಯೇ ಪಕ್ಕಕ್ಕೆ ಒರಗಿದಳು. ತಲೆಯೊಳಗೆ ನರ ಒಡೆದು ರಕ್ತ ತುಂಬಿತ್ತು. ನಮ್ಮ ಕಡೆ ಕೈಕಾಲಿಗೆ ಏನಾದರೂ ಆದರೆ ಊರಲ್ಲೇ ಮುಗಿಯುತ್ತದೆ. ತಲೆಗೆ ಏನಾದರೂ ಆದರೆ ಜಿಲ್ಲೆ ದಾಟಬೇಕು. ಆಂಬುಲೆನ್ಸು ಭಟ್ಕಳ ಕಳೆದು ದಕ್ಷಿಣಕ್ಕೆ ಓಡಿತು. ದೊಡ್ಡ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ದೊಡ್ಡಮ್ಮನ ಬಾಯಿಗೆ ನಳಿಗೆ ಇಳಿಸಿದರು. ವೆಂಟಿಲೇಟರ್ ಎಂಬ ಯಂತ್ರ ಅವಳ ಎದೆಯನ್ನು ಎತ್ತುವುದು, ಇಳಿಸುವುದು ಮಾಡತೊಡಗಿತು. ಅಮ್ಮ ಗಾಜಿನಾಚೆಯಿಂದ ನೋಡಿ, "ಅಕ್ಕ ಇಷ್ಟು ನಿಧಾನಕ್ಕೆ ಉಸಿರಾಡೂಳೇ ಅಲ್ಲ" ಅಂದಳು. ಅದು ನಿಜ. ದೊಡ್ಡಮ್ಮ ಉಸಿರಾಡುವುದರಲ್ಲೂ ಅವಸರದವಳು.

ವಾರಗಳು ಕಳೆದವು. ಕಣ್ಣು ತೆರೆಯಲಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳಲಿಲ್ಲ. ಕೊನೆಗೊಂದು ದಿನ ಡಾಕ್ಟರಮ್ಮ ನಮ್ಮನ್ನು ಸಣ್ಣ ಕೋಣೆಗೆ ಕರೆದಳು. ನನ್ನ ಹಳೆಯ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕವಳು. ಅಮ್ಮ, ನಾನು ಮತ್ತು ಮುಟ್ಟಳ್ಳಿಯ ಈರಪ್ಪ ಮಾವ. ಮಾವ ಎಂದರೆ ಅಮ್ಮನಿಗೂ ದೊಡ್ಡಮ್ಮನಿಗೂ ತಮ್ಮ. ಜೀವಮಾನವೆಲ್ಲ ಲಾರಿ ಓಡಿಸಿ ಈಗ ತೆಂಗಿಗೆ ನೀರು ಬಿಟ್ಟುಕೊಂಡಿರುವವನು. ಡಾಕ್ಟರಮ್ಮ ತುಂಬ ಮೆತ್ತಗೆ ಹೇಳಿದಳು. ಮೆದುಳು ಸರಿಯಾಗದಷ್ಟು ಹಾಳಾಗಿದೆ. ಎರಡು ತಂಡದ ಡಾಕ್ಟರುಗಳು ಬೇರೆ ಬೇರೆಯಾಗಿ ನೋಡಿದ್ದಾರೆ, ಎರಡೂ ತಂಡದ್ದು ಒಂದೇ ಮಾತು, ಇವರು ಇನ್ನು ಏಳುವುದಿಲ್ಲ. ಯಂತ್ರ ಇಟ್ಟರೆ ಹೀಗೇ ಮಲಗಿರುತ್ತಾರೆ. ತೆಗೆದರೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ, ಕೆಲವು ಗಂಟೆ ತಾವೇ ಉಸಿರಾಡಬಹುದು, ಮುಂದಿನದು ತಾನಾಗಿ ಆಗುತ್ತದೆ. ಕಾನೂನಿನ ಪ್ರಕಾರ ಇದಕ್ಕೆ ದಾರಿ ಇದೆ, ಆದರೆ ಮನೆಯವರ ಒಪ್ಪಿಗೆ ಬೇಕು. ಇಷ್ಟು ಹೇಳಿ ಅವಳು ಅಮ್ಮನ ಕಡೆ ತಿರುಗಿದಳು. "ನೀವು ತಂಗಿಯಲ್ಲವಾ ಅಮ್ಮಾ? ನೀವೇನು ಹೇಳ್ತೀರಿ?"

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

"ಅಕ್ಕನ ಕೇಳಿ ಹೇಳ್ತೆ."

ಡಾಕ್ಟರಮ್ಮ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಇವರನ್ನೂ ಒಮ್ಮೆ ಪರೀಕ್ಷೆ ಮಾಡಬೇಕೇ ಎಂಬ ಅನುಮಾನ ಅವಳ ಹುಬ್ಬಿನಲ್ಲಿತ್ತು. ಈರಪ್ಪ ಮಾವ ಕೆಮ್ಮಿದ. ಆ ಕೆಮ್ಮು ನಗೆಯಾಯಿತು, ನಗೆ ತಡೆಯಲಾಗದೆ ಅವನು ಹೊರಗೆ ಓಡಿ ಕಾರಿಡಾರಿನ ಗೋಡೆಗೆ ಹಣೆ ಹಚ್ಚಿ ನಿಂತ. ನಾನು ಹೋಗಿ ನೋಡಿದರೆ ಅಳುತ್ತಿದ್ದ. ಒಳಗೆ ಅಮ್ಮನಿಗೆ ತಾನು ಹೇಳಿದ್ದು ಆಗಷ್ಟೇ ಕೇಳಿಸಿರಬೇಕು. ಅವಳು ಬಾಯಿಗೆ ಕೈ ಇಟ್ಟುಕೊಂಡು ಕೂತಿದ್ದಳು. ಲೋಕದಲ್ಲಿ ಯಾರನ್ನು ಕೇಳಿದರೆ ಅವಳಿಗೆ ಉತ್ತರ ಸಿಗುತ್ತಿತ್ತೋ, ಆ ಒಬ್ಬಳ ಬಗ್ಗೆಯೇ ಈಗ ಉತ್ತರ ಕೊಡಬೇಕಾಗಿತ್ತು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾನು ನನ್ನ ವಿಜ್ಞಾನವನ್ನು ಹೊರತೆಗೆದೆ. ಮೆದುಳು, ಮೆದುಳಿನ ಬುಡ, ಉಸಿರಾಟದ ಕೇಂದ್ರ ಎಂದು ಇಡ್ಲಿ ವಡೆಗಳನ್ನು ತಟ್ಟೆಯಲ್ಲಿ ಜೋಡಿಸಿ ವಿವರಿಸಿದೆ. ಪಕ್ಕದ ಮೇಜಿನ ಸೆಕ್ಯುರಿಟಿಯವನು ಗಮನವಿಟ್ಟು ಕೇಳಿದ. ಮಾವ ಮೆದುಳಿನ ಬುಡವನ್ನು ಸಾಂಬಾರಿಗೆ ಅದ್ದಿ ತಿಂದ.

"ತಮಾ, ನಂಗೆ ಅದೆಲ್ಲ ಗೊತ್ತಿಲ್ಲ. ಮೈ ಬಿಸಿ ಇದೆ. ಇಂಜಿನ್ ಸ್ಟಾರ್ಟ್ ಇರೂ ಗಾಡಿನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

"ಮಾವಾ, ಇಂಜಿನ್ ಸ್ಟಾರ್ಟ್ ಇಲ್ಲ. ಮುಂದಿನ ಲಾರಿ ಟೋಚನ್ ಹಗ್ಗ ಹಾಕಿ ಎಳೀತಾ ಇದೆ, ಅದಕ್ಕೆ ಚಕ್ರ ತಿರುಗ್ತಾ ಇದೆ."

"ಎಳೀಲಿ. ಗ್ಯಾರೇಜ್ ತನಕ ಎಳೀಲಿ."

"ಗ್ಯಾರೇಜೇ ಇಲ್ಲ ಮಾವಾ."

ಮಾವ ವಡೆ ಕೆಳಗಿಟ್ಟ. "ಹಾಂಗಾದ್ರೆ ಹಗ್ಗ ಬಿಚ್ಚೂದು ಯಾರು? ನೀ ಬಿಚ್ತ್ಯಾ?" ಎಂದು ಕೇಳಿದ. ನನ್ನ ಪಾಠದಲ್ಲಿ ಆ ಅಧ್ಯಾಯ ಇರಲಿಲ್ಲ. ನಿಜ ಹೇಳುತ್ತೇನೆ, ನನಗೂ ಭಯವಿತ್ತು. ನಳಿಗೆ ತೆಗೆಯುವುದು ಕೊಲ್ಲುವುದೇ ಅಲ್ಲವೇ ಎಂಬ ಪ್ರಶ್ನೆ ಬಸ್ಸಿನಲ್ಲಿ, ಸ್ನಾನದಲ್ಲಿ, ಕ್ಲಾಸಿನಲ್ಲಿ ನನ್ನ ಹಿಂದೆಯೇ ತಿರುಗುತ್ತಿತ್ತು. ಡಾಕ್ಟರಮ್ಮನನ್ನು ಕೇಳಿದ್ದೆ. "ಸಾರ್, ಅವರು ಹೊರಟಿದ್ದಾರೆ, ನಾವು ಬಾಗಿಲಿಗೆ ಅಡ್ಡ ನಿಂತಿದ್ದೇವೆ. ಪಕ್ಕಕ್ಕೆ ಸರಿಯಬೇಕಾ ಅಂತ ಕೇಳ್ತಿದ್ದೇವೆ, ಅಷ್ಟೆ" ಅಂದಿದ್ದಳು. ಆ ಮಾತು ಹೌದು ಅನ್ನಿಸುತ್ತಿತ್ತು. ಆದರೆ ಗಾಜಿನಾಚೆ ದೊಡ್ಡಮ್ಮನ ಎದೆ ಏಳುವುದನ್ನು ಕಂಡಾಗ ಅನ್ನಿಸುತ್ತಿರಲಿಲ್ಲ.

ಕೊನೆಗೆ ಮಾವ ಮೇಜು ಗುದ್ದಿದ. "ಇದು ನಮ್ಮ ಕೈಯಲ್ಲಿ ಇರೂದಲ್ಲ. ಊರಿಗೆ ಹೋಗಿ ಅಮ್ಮನೋರ ಹತ್ರ ಪ್ರಸಾದ ಕೇಳೂದು."

ಪ್ರಸಾದ ಕೇಳುವುದೆಂದರೆ ತಿನ್ನುವ ಪ್ರಸಾದವಲ್ಲ. ಕೇಪಳದ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವಿಯ ಕಲ್ಲಿನ ಎರಡೂ ಬದಿಗೆ ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಕೇಳುತ್ತಾರೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಮುಟ್ಟಳ್ಳಿಯಲ್ಲಿ ನಮ್ಮ ಮನೆತನದ ಅಮ್ಮನವರ ಪುಟ್ಟ ಗುಡಿ ಇದೆ. ಕಳೆದುಹೋದ ದನ, ಕೂಡಿಬಾರದ ಸಂಬಂಧ, ಬೋರ್‌ವೆಲ್ಲಿನ ಜಾಗ, ದುಬೈ ವೀಸಾ, ಎಲ್ಲದಕ್ಕೂ ಆಕೆ ಉತ್ತರ ಕೊಟ್ಟಿದ್ದಾಳೆ. ಮೇಷ್ಟರಾದ ನಾನು ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಭಾಷಣ ಮಾಡುವವನು. ಎಲ್ಲರಿಗಿಂತ ಮೊದಲು ಕಾರು ಹತ್ತಿ ಕೂತವನೂ ನಾನೇ. ತೀರ್ಮಾನ ಬೇರೆಯವರ ಹೆಗಲಿಗೆ ಹೋಗುವುದಾದರೆ ಯಾರಿಗೆ ಬೇಡ ಹೇಳಿ?

ಗುಡಿಯ ಪೂಜೆ ಮಾಡುವ ಗುನಗ ವಯಸ್ಸಾದವನು, ಕ್ರಮ ಬಲ್ಲವನು. ಪ್ರಶ್ನೆ ಏನೆಂದು ಮೊದಲು ನಿರ್ಧರಿಸಿ ಅಂದ. ಅಲ್ಲಿಯೇ ಜಗಳ ಹತ್ತಿತು. "ಅಕ್ಕ ಬದುಕ್ತಾಳಾ ಅಂತ ಕೇಳೂದು" ಎಂದು ಮಾವ. "ಅದನ್ನ ಡಾಕ್ಟರು ಹೇಳಿ ಆಗಿದೆ, ನಳಿಗೆ ತೆಗೀಬಹುದಾ ಅಂತ ಕೇಳಬೇಕು" ಎಂದು ನಾನು. ಗುನಗ ನನ್ನ ಪಕ್ಷ ವಹಿಸಿದ. ಆದರೆ ಅವನದೊಂದು ತೊಡಕು. "ಅಮ್ಮನೋರಿಗೆ ಆ ಯಂತ್ರ ಎಂತದು ಅಂತ ಗೊತ್ತಿರ್ಬೇಕಲ್ಲ. ಈ ತನಕ ಯಾರೂ ಕೇಳದಿದ್ದದ್ದು. ಮಾಸ್ತರ್ರೇ, ನೀವೇ ಒಂಚೂರು ವಿವರ್ಸಿ ಹೇಳಿ."

ಹೀಗೆ ನಾನು ಅಂಗಿ ಬಿಚ್ಚಿ, ಕೈ ಮುಗಿದು, ದೇವಿಗೆ ವೆಂಟಿಲೇಟರಿನ ಪಾಠ ಮಾಡಿದೆ. ಗಾಳಿ ಒಳಗೆ ಹೋಗುವುದು ಹೇಗೆ, ಹೊರಗೆ ಬರುವುದು ಹೇಗೆ, ಆಮ್ಲಜನಕ ಯಾಕೆ ಬೇಕು ಎಂಬುದನ್ನೆಲ್ಲ ಹೇಳಿದೆ. ನಡುವೆ ಒಮ್ಮೆ ಅಭ್ಯಾಸಬಲದಿಂದ "ಅರ್ಥ ಆಯ್ತಾ?" ಎಂದೂ ಕೇಳಿಬಿಟ್ಟೆ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಶಾಂತವಾಗಿ ಪಾಠ ಕೇಳಿದ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಆಮೇಲೆ ಗುನಗ ಎಸಳು ಅಂಟಿಸಿ, ಗಂಟೆ ಬಾರಿಸಿ, "ಮಗಳು ಮಾದೇವಿಗೆ ಇಟ್ಟ ಯಂತ್ರ ತೆಗೂದು ನಿನ್ನ ಮನಸಿಗೆ ಬಂದ್ರೆ ಬಲ ಕೊಡು ತಾಯೇ" ಎಂದು ಕೇಳಿದ.

ಎಸಳು ಬೀಳಲಿಲ್ಲ.

ಕಾದೆವು. ಎಡವೂ ಇಲ್ಲ, ಬಲವೂ ಇಲ್ಲ. ಎರಡೂ ಎಸಳುಗಳು ಗೋಂದು ಹಚ್ಚಿದ ಸ್ಟಾಂಪಿನ ಹಾಗೆ ಕೂತಿದ್ದವು. ಬೇಸಗೆಯ ಮಧ್ಯಾಹ್ನ, ಗುಡಿಯೊಳಗೆ ದೀಪದ ಹೊಗೆ, ಬೆವರು ಕಣ್ಣಿಗಿಳಿಯುತ್ತಿತ್ತು. ಗುನಗ ಇನ್ನೊಮ್ಮೆ ಪ್ರಾರ್ಥಿಸಿದ. ಮಾವ ಹರಕೆ ಹೇಳಿಕೊಂಡ, ಮೊದಲು ಕಾಯಿ, ಆಮೇಲೆ ಕೋಳಿ. ಉಪಯೋಗವಾಗಲಿಲ್ಲ. ಅಷ್ಟರಲ್ಲಿ ನಮ್ಮೆಲ್ಲರ ನೆತ್ತಿಗೆ ತಣ್ಣನೆ ಗಾಳಿ ಬಡಿಯಿತು. ಬಲಗಡೆಯ ಎಸಳು ಅಲುಗಿ ಟಪ್ಪನೆ ಕೆಳಗೆ ಬಿತ್ತು.

"ಬಲ! ಬಲ ಆತು!" ಎಂದು ಗುನಗ ಕೂಗಿದ. ಮಾವ ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಬಾಗಿಲ ಬಳಿಯ ಸ್ವಿಚ್ಚಿನ ಹತ್ತಿರ ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದಳು.

"ಸೆಕೆ ಆಗಿತ್ತು" ಅಂದಳು ಅಮ್ಮ.

ಆಮೇಲೆ ನಡೆದ ವಾದವನ್ನು ಯಾವ ಕೋರ್ಟಿನಲ್ಲಿಯೂ ನೀವು ಕೇಳಿರಲಾರಿರಿ. ಫ್ಯಾನಿನ ಗಾಳಿಗೆ ಬಿದ್ದದ್ದು ಪ್ರಸಾದವೇ ಅಲ್ಲ, ರದ್ದು ಮಾಡಿ ಮತ್ತೆ ಕೇಳಬೇಕು ಎಂದು ಮಾವ. ಗಾಳಿಯೂ ಅಮ್ಮನವರದ್ದೇ, ಎರಡನೇ ಸಲ ಕೇಳಿದರೆ ಸಿಟ್ಟು ಬರುತ್ತದೆ ಎಂದು ಗುನಗ. ಹಾಗಾದರೆ ಕರೆಂಟು ಬಿಲ್ಲೂ ಅಮ್ಮನವರೇ ಕಟ್ಟುತ್ತಾರೋ ಎಂದು ಮಾವ. ಗಾಳಿ ಎರಡೂ ಎಸಳಿಗೆ ಸಮನಾಗಿ ಬಡಿದಿದೆ, ಆದರೂ ಬಲದ್ದೇ ಬಿದ್ದಿದೆಯಲ್ಲ ಎಂದು ವಿಜ್ಞಾನದ ಮೇಷ್ಟರು ಬೇರೆ. ಈ ಗದ್ದಲದಲ್ಲಿ ಯಾರೋ ಫ್ಯಾನು ಬಂದ್ ಮಾಡಿದರು. ರೆಕ್ಕೆಗಳು ನಿಧಾನವಾದವು, ಇನ್ನೂ ನಿಧಾನವಾದವು. ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು ಕಾಣತೊಡಗಿತು. ಗುಡಿಗೆ ಫ್ಯಾನು ಕೊಟ್ಟವರ ಹೆಸರು ರೆಕ್ಕೆಯ ಮೇಲೆ ಬರೆಸುವುದು ನಮ್ಮಲ್ಲಿ ರೂಢಿ. ಮೂರು ರೆಕ್ಕೆಯ ಮೇಲೂ ಒಂದೇ ಸಾಲು: ಮಾದೇವಿ, ಶಿರಾಲಿ, ಇವರ ಸೇವೆ.

ಗುನಗ ಕೈ ಮುಗಿದ. ಯಾರಿಗೆ ಮುಗಿದನೋ ಗೊತ್ತಿಲ್ಲ. ಮಾವ, "ಆತು. ಅಕ್ಕನೇ ಹೇಳಿದ್ದು ಅಂದ್ಕಳ್ಳುವ" ಅಂದ. ಅವನ ದನಿಯಲ್ಲಿ ಭಾರ ಇಳಿದ ಸಮಾಧಾನವಿತ್ತು. ನನಗೂ ಹಾಗೆಯೇ ಆಯಿತು. ಇಷ್ಟು ಒಳ್ಳೆಯ ಮುಕ್ತಾಯ ಸಿಕ್ಕಿದ ಮೇಲೆ ಕಾರು ಹತ್ತುವುದಷ್ಟೇ ಬಾಕಿ ಎಂದುಕೊಂಡೆ.

"ಅಲ್ಲ" ಅಂದಳು ಅಮ್ಮ.

ನಾವು ತಿರುಗಿ ನೋಡಿದೆವು. ಅಮ್ಮ ಒಬ್ಬರ ಮಾತಿಗೆ ಹೀಗೆ ಅಲ್ಲ ಅಂದದ್ದು ನನಗೆ ನೆನಪಿಲ್ಲ.

"ಅಕ್ಕ ಎಂತ ಹೇಳಲಿಲ್ಲ. ಅಮ್ಮನೋರೂ ಹೇಳಲಿಲ್ಲ. ಸ್ವಿಚ್ ಹಾಕಿದ್ದು ನಾನು. ನಾನೇ ಹೇಳ್ತೆ, ತೆಗೀಲಿ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎಮ್ಮೆ ತಂದಾಗ ಅಕ್ಕನ ಹತ್ರ ಕೇಳಿದ್ದೆ, ಎಂತಕ್ಕೆ ಹೀಂಗೆ ಹೇಳ್ದೆ ಅಂತ. ತಪ್ಪಾದ್ರೆ ನಂಗೆ ಬೈ, ಅದಕ್ಕೇ ಅಲ್ದಾ ಅಕ್ಕ ಇರೂದು ಅಂದಿದ್ಳು. ಈಗ ತಪ್ಪಾದ್ರೆ ನೀವೆಲ್ಲ ನಂಗೆ ಬೈಯಿರಿ. ಅಕ್ಕನ ತಲೆ ಮೇಲೆ ಹಾಕೂದು ಬೇಡ. ಹಾಕ್ಕಂಡು ಹಾಕ್ಕಂಡು ಅವಳಿಗೂ ಸಾಕಾಗಿದೆ."

ಅಷ್ಟು ವರ್ಷ ದೊಡ್ಡಮ್ಮ ನಮ್ಮ ಮನೆಗೆ ಕಳಿಸುತ್ತಿದ್ದದ್ದು ಉತ್ತರ ಮಾತ್ರ ಎಂದುಕೊಂಡಿದ್ದೆ. ಬೈಗುಳವನ್ನೆಲ್ಲ ತನ್ನ ಹತ್ತಿರ ಇಟ್ಟುಕೊಂಡಿದ್ದಳು ಎಂದು ಆ ಗುಡಿಯಲ್ಲಿ ನನಗೆ ಹೊಳೆಯಿತು. ತೀರ್ಮಾನ ಎಂದರೆ ಸರಿ ತಪ್ಪುಗಳನ್ನು ಅಳೆದು ತೂಗುವುದು ಎಂದು ನಾನು ತಿಳಿದಿದ್ದೆ. ಅಳೆದು ತೂಗಿದ ಮೇಲೂ ಒಬ್ಬರು ಬೈಸಿಕೊಳ್ಳಲು ತಯಾರಾಗಬೇಕು. ಆ ಒಬ್ಬರು ಸಿಗುವ ತನಕ ನಾವು ಉಳಿದವರು ಇಡ್ಲಿ ವಡೆ ಜೋಡಿಸುತ್ತಿರುತ್ತೇವೆ.

ಮಾರನೆ ದಿನ ಅಮ್ಮ ಒಪ್ಪಿಗೆ ಹೇಳಿದಳು. ಮಾವನೂ ಹೇಳಿದ. ಆಸ್ಪತ್ರೆಯವರು ಮಾಡಬೇಕಾದ ಕ್ರಮಗಳನ್ನೆಲ್ಲ ಮಾಡಿ ಮುಗಿಸಿ, ನಮ್ಮನ್ನು ಗಾಜಿನೊಳಕ್ಕೆ ಬಿಟ್ಟರು. ನಳಿಗೆ ತೆಗೆದ ಮೇಲೆ ದೊಡ್ಡಮ್ಮನ ಮುಖ ನಮಗೆ ಪೂರ್ತಿಯಾಗಿ ಕಂಡಿತು. ಅಮ್ಮ ಅವಳ ಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು. "ಅಕ್ಕಾ, ನಿನ್ನ ಕೇಳದೆ ಒಂದು ಕೆಲಸ ಮಾಡ್ದೆ" ಅಂದಳು. ದೊಡ್ಡಮ್ಮ ಸಂಜೆಯ ತನಕ ತನ್ನ ಹಳೆಯ ಅವಸರದಲ್ಲಿ ತಾನೇ ಉಸಿರಾಡಿದಳು. ಆಮೇಲೆ ನಿಲ್ಲಿಸಿದಳು. ನಾನು ಅತ್ತೆ. ಮೇಷ್ಟರು ಅಳುವುದು ಹೇಗಿರುತ್ತದೆಂದು ಆ ವಾರ್ಡಿನ ನರ್ಸುಗಳಿಗೆಲ್ಲ ಗೊತ್ತಾಯಿತು.

ಶಿರಾಲಿಯ ಮನೆಯಲ್ಲಿ ಜನ ಸೇರಿದ್ದರು. ಯಾವ ಸೀರೆ ಉಡಿಸುವುದು, ಯಾವ ಕಡೆಯಿಂದ ಒಯ್ಯುವುದು, ಬಂದವರಿಗೆ ಚಾ ಮಾಡಿಸುವುದೋ ಬೇಡವೋ ಎಂದು ಎಲ್ಲರೂ ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಒಂದೊಂದೇ ಶಬ್ದದಲ್ಲಿ ಉತ್ತರ ಕೊಡುತ್ತಿದ್ದಳು. ಮಾವ ನನ್ನ ಪಕ್ಕೆಗೆ ತಿವಿದು, "ಇವ್ಳು ಯಾರಾ?" ಎಂದು ಪಿಸುಗುಟ್ಟಿದ.

ಇವಿಷ್ಟನ್ನು ನೆನೆಸಿಕೊಳ್ಳುತ್ತ ಉತ್ತರಪತ್ರಿಕೆ ಮಡಚಿಟ್ಟು ಅಡುಗೆಮನೆಗೆ ಹೋದೆ. ಸಾರು ಕುದಿಯುತ್ತಿತ್ತು. ಅಮ್ಮ ನನ್ನ ಮುಖ ನೋಡಿ, "ಅಕ್ಕನ ವಿಷಯ ಯೋಚ್ನೆ ಮಾಡ್ತಿದ್ಯಾ?" ಅಂದಳು. ಹೌದು ಅಂದೆ. ಅವಳು ಉರಿ ಸಣ್ಣ ಮಾಡಿದಳು.

"ನಾವು ಅವಳ ಹತ್ರ ಎಲ್ಲಾ ಕೇಳ್ದ್ವು. ಇದೊಂದು ಕೇಳಲಿಲ್ಲ. ನೀ ಹಾಂಗೆ ಮಾಡ್ಬೇಡ. ನಂದು ಈಗ್ಲೇ ಕೇಳ್ಬಿಡು."

ದೇವಿಗೇ ಪಾಠ ಮಾಡಿದ ನಾನು ಅಡುಗೆಮನೆಯಲ್ಲಿ ಜಾರಿಕೊಳ್ಳಲು ನೋಡಿದೆ. "ಎಂತ ಅಮ್ಮಾ, ಊಟದ ಹೊತ್ತಿಗೆ" ಅಂದೆ. ಅವಳು ಬಿಡಲಿಲ್ಲ. ಕೊನೆಗೆ, ಒಲೆಯ ಕಡೆ ನೋಡುತ್ತ, ಕೇಳಿದೆ. ನಿನಗೆ ಹಾಗೇ ಆದರೆ, ಇನ್ನು ಏಳುವುದಿಲ್ಲ ಅಂತ ಡಾಕ್ಟರು ಹೇಳಿದರೆ, ತೆಗೆಯಲಾ?

"ತೆಗಿ" ಅಂದಳು. ನನ್ನ ಪ್ರಶ್ನೆ ಇನ್ನೂ ಪೂರ್ತಿ ಮುಗಿದಿರಲಿಲ್ಲ. "ನಾ ಹೇಳಿದ್ದು ಅಂತ ಈರಪ್ಪಂಗೂ ಹೇಳು. ಆತು. ಈಗ ನಿಂದು ಹೇಳು."

"ನಂದಾ?"

"ಮತ್ತೆ? ನೀ ಎಂತ ಕಲ್ಲಲ್ಲಿ ಮಾಡಿದ್ದಾ?"

ತಲೆಗೂದಲು ನೆರೆತ ನನಗೆ ಅಲ್ಲಿಯವರೆಗೂ ಆ ಪ್ರಶ್ನೆ ನನ್ನದೂ ಹೌದು ಅನ್ನಿಸಿರಲಿಲ್ಲ. ಯೋಚಿಸಿ, ನನಗೆ ಏನು ಬೇಕೋ ಅದನ್ನು ಮೆಲ್ಲಗೆ ಹೇಳಿದೆ. ಅಮ್ಮ ತಲೆಯಾಡಿಸಿದಳು.

"ನನ್ನ ಹತ್ರ ಹೇಳಿ ಎಂತ ಆತು? ಆಗ ನಾ ಇರ್ತೆನಾ? ಹೆಂಡ್ತಿಗೆ ಹೇಳು."

ಒಳಕೋಣೆಯಲ್ಲಿ ನನ್ನ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅದನ್ನೇ ಹೇಳಿದೆ. ಮಿಷನ್ನು ನಿಂತಿತು.

"ಎಂತ ಅಂದ್ರಿ? ಸರೀ ಕೇಳಲಿಲ್ಲ."

ಕೇಳಿಸಿತ್ತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಒಳಗೆ ಹೋಗಿ, ಅವಳೆದುರು ನೆಲದ ಮೇಲೆ ಕೂತು, ಇನ್ನೊಮ್ಮೆ ಹೇಳಿದೆ.